ಧ್ವನಿಯ ಕೀ ಒತ್ತಿದಷ್ಟೂ ಹೊಸ ಪೆಟ್ಟಿಗೆ: ಲಿನಕ್ಸ್ ನೋಟಿಫಿಕೇಶನ್‌ ಹಳೆಯದರ ಜಾಗಕ್ಕೆ ಬಾರದಿದ್ದಾಗ ದೋಷ ಹುಡುಕುವ ಕ್ರಮ

ಲ್ಯಾಪ್‌ಟಾಪಿನಲ್ಲಿ ಧ್ವನಿ ಏರಿಸುವ ಕೀಯನ್ನು ಹತ್ತು ಬಾರಿ ಒತ್ತಿದಾಗ ಪರದೆಯ ಮೂಲೆಯಲ್ಲಿ ಒಂದೇ ಒಂದು ಪೆಟ್ಟಿಗೆ ಇದ್ದು, ಅದರೊಳಗಿನ ಅಂಕಿ ಮಾತ್ರ 40ರಿಂದ 90ಕ್ಕೆ ಏರಬೇಕು. ಅದರ ಬದಲು ಹತ್ತು ಪೆಟ್ಟಿಗೆಗಳು ಸಾಲುಗಟ್ಟಿ ನಿಂತರೆ ಸರಿಯಾದ ಅಂಕಿ ಯಾವುದೆಂದು ಹುಡುಕಬೇಕಾಗುತ್ತದೆ. ಬ್ಯಾಟರಿ ಮುಗಿಯುತ್ತಿದೆ ಎಂಬ ನಿಜವಾದ ಎಚ್ಚರಿಕೆ ಆ ರಾಶಿಯ ನಡುವೆ ಕಣ್ಣಿಗೆ ಬೀಳದೆ ಹೋಗುತ್ತದೆ. ಐ3 ಅಥವಾ ಸ್ವೇಯಂತಹ ವಿಂಡೋ ಮ್ಯಾನೇಜರ್‌ಗಳಲ್ಲಿ ಧ್ವನಿ, ಬೆಳಕು, ಹಾಡಿನ ಹೆಸರು ಇವುಗಳಿಗೆ ತಾವೇ ಸ್ಕ್ರಿಪ್ಟ್‌ ಬರೆದುಕೊಳ್ಳುವವರು ಈ ತೊಂದರೆಯನ್ನು ಒಮ್ಮೆಯಾದರೂ ಕಂಡಿರುತ್ತಾರೆ. ಇದಕ್ಕೆ ಕಾರಣಗಳು ಹಲವು, ಆದರೆ ಅವುಗಳನ್ನು ಸರಿಯಾದ ಕ್ರಮದಲ್ಲಿ ಪರೀಕ್ಷಿಸಿದರೆ ದೋಷ ಎಲ್ಲಿದೆ ಎಂಬುದು ಬೇಗ ಸಿಗುತ್ತದೆ.

ಈ ಲೇಖನದಲ್ಲಿ ಕಮಾಂಡ್‌ಗಳ, ಆಯ್ಕೆಗಳ, ಫೋಲ್ಡರ್‌ಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವುಗಳನ್ನು ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ ಟೈಪ್‌ ಮಾಡಬೇಕು. ಎಲ್ಲಿ ದೊಡ್ಡ ಅಕ್ಷರ ಬೇಕೋ ಅಲ್ಲಿ ಹೇಳಿದ್ದೇನೆ.

ಸಂಖ್ಯೆ ಕೊಡುವವರು ಯಾರು

ಲಿನಕ್ಸ್‌ ಡೆಸ್ಕ್‌ಟಾಪ್‌ನಲ್ಲಿ ನೋಟಿಫಿಕೇಶನ್‌ ಕಳಿಸುವ ಪ್ರೋಗ್ರಾಂ ಬೇರೆ, ಅದನ್ನು ಪರದೆಯ ಮೇಲೆ ತೋರಿಸುವ ಸರ್ವರ್‌ ಬೇರೆ. ಇವೆರಡರ ನಡುವಿನ ಮಾತುಕತೆ ಡಿ-ಬಸ್‌ ಎಂಬ ವ್ಯವಸ್ಥೆಯ ಮೂಲಕ ನಡೆಯುತ್ತದೆ. ಫ್ರೀಡೆಸ್ಕ್‌ಟಾಪ್‌ ನಿಯಮಾವಳಿಯ ಪ್ರಕಾರ ಕಳಿಸುವವರು 'ನೋಟಿಫೈ' (ಮೊದಲ ಅಕ್ಷರ ದೊಡ್ಡದು) ಎಂಬ ಮೆಥಡ್‌ ಅನ್ನು ಕರೆದು ಎಂಟು ವಿಷಯಗಳನ್ನು ಒಪ್ಪಿಸಬೇಕು: ಪ್ರೋಗ್ರಾಂನ ಹೆಸರು, ಯಾವ ಹಳೆಯ ನೋಟಿಫಿಕೇಶನ್‌ನ ಜಾಗಕ್ಕೆ ಇದು ಬರಬೇಕು ಎಂಬ ಸಂಖ್ಯೆ, ಚಿತ್ರ, ಶೀರ್ಷಿಕೆ, ಒಳಪಠ್ಯ, ಗುಂಡಿಗಳು, ಹೆಚ್ಚುವರಿ ಸುಳಿವುಗಳು ಮತ್ತು ಎಷ್ಟು ಹೊತ್ತು ಇರಬೇಕು ಎಂಬ ಅವಧಿ. ನಮ್ಮ ವಿಷಯವೆಲ್ಲ ಎರಡನೆಯದರ ಮೇಲೆ ನಿಂತಿದೆ. ಅಲ್ಲಿ ಸೊನ್ನೆ ಇದ್ದರೆ ಸರ್ವರ್‌ ಹೊಸ ಪೆಟ್ಟಿಗೆ ತೆರೆದು, ಅದಕ್ಕೊಂದು ಸಂಖ್ಯೆ ಕೊಟ್ಟು, ಆ ಸಂಖ್ಯೆಯನ್ನು ಕಳಿಸಿದವರಿಗೆ ಹಿಂದಿರುಗಿಸುತ್ತದೆ. ಮುಂದಿನ ಬಾರಿ ಅದೇ ಸಂಖ್ಯೆಯನ್ನು ಎರಡನೆಯ ಜಾಗದಲ್ಲಿಟ್ಟು ಕಳಿಸಿದರೆ ಹಳೆಯ ಪೆಟ್ಟಿಗೆಯೇ ಹೊಸ ಪಠ್ಯದೊಂದಿಗೆ ಕಾಣಿಸುತ್ತದೆ.

ಸಂಖ್ಯೆಯನ್ನು ಹುಟ್ಟಿಸುವುದು ಸರ್ವರ್‌, ನಾವಲ್ಲ. ಅದಕ್ಕೆ ಅರ್ಥ ಇರುವುದೂ ಆ ಸರ್ವರ್‌ ಬದುಕಿರುವಷ್ಟು ಕಾಲ, ಆ ಒಂದು ಬಸ್ಸಿನ ಮೇಲೆ ಮಾತ್ರ. ಮುಂದೆ ಹೇಳುವ ದೋಷಗಳಲ್ಲಿ ಹೆಚ್ಚಿನವು ಈ ಮಾತನ್ನು ಒಂದಲ್ಲ ಒಂದು ಬಗೆಯಲ್ಲಿ ಮರೆತದ್ದರಿಂದ ಹುಟ್ಟಿದವು.

ಮೊದಲ ಹೆಜ್ಜೆ: ಯಾವ ಸರ್ವರ್‌ ಉತ್ತರ ಕೊಡುತ್ತಿದೆ ಎಂದು ತಿಳಿಯುವುದು

ಡಿ-ಬಸ್ಸಿನಲ್ಲಿ ಆರ್ಗ್.ಫ್ರೀಡೆಸ್ಕ್‌ಟಾಪ್.ನೋಟಿಫಿಕೇಶನ್ಸ್‌ ಎಂಬ ಹೆಸರಿಗೆ ಒಂದು ಸಮಯದಲ್ಲಿ ಒಬ್ಬರೇ ಒಡೆಯರು. ಈ ಹೆಸರಿನ ಕೊನೆಯ ಭಾಗದ ಮೊದಲ ಅಕ್ಷರ ದೊಡ್ಡದು. ಗ್ನೋಮ್‌ನಲ್ಲಿ ಗ್ನೋಮ್‌ ಶೆಲ್‌ (ಅಥವಾ ಅದರ ಪರವಾಗಿ ಓಡುವ ಪ್ರಕ್ರಿಯೆ), ಕೆಡಿಇಯಲ್ಲಿ ಪ್ಲಾಸ್ಮಾ, ಉಳಿದ ಕಡೆ ಡನ್ಸ್ಟ್‌, ಮಾಕೋ ಅಥವಾ ಎಕ್ಸ್‌ಎಫ್‌ಸಿಇಯ ಸರ್ವರ್‌ ಆ ಹೆಸರನ್ನು ಹಿಡಿದಿರುತ್ತದೆ. 'ಬಸ್‌ಸಿಟಿಎಲ್‌ --ಯೂಸರ್‌ ಸ್ಟೇಟಸ್‌' ಎಂದು ಬರೆದು ಮುಂದೆ ಈ ಹೆಸರನ್ನು ಕೊಟ್ಟರೆ, ಅದನ್ನು ಹಿಡಿದಿರುವ ಪ್ರಕ್ರಿಯೆಯ ಸಂಖ್ಯೆಯೂ ಹೆಸರೂ ಸಿಗುತ್ತವೆ. ಡನ್ಸ್ಟ್‌ ಓಡುತ್ತಿದೆ ಎಂದು ನಂಬಿಕೊಂಡು ಡನ್ಸ್ಟ್‌ನ ಸೆಟ್ಟಿಂಗ್‌ ಫೈಲನ್ನು ಗಂಟೆಗಟ್ಟಲೆ ತಿದ್ದುತ್ತಿರುವಾಗ, ಉತ್ತರಿಸುತ್ತಿರುವುದು ಬೇರೆಯೇ ಸರ್ವರ್‌ ಆಗಿರುವುದು ಅಪರೂಪವಲ್ಲ. ಆದ್ದರಿಂದ ಈ ಹೆಜ್ಜೆಯನ್ನು ಬಿಡಬೇಡಿ.

ಹೀಗಾಗಲು ಕಾರಣವಿದೆ. ಒಂದೇ ಯಂತ್ರದಲ್ಲಿ ಎರಡು ಮೂರು ಡೆಸ್ಕ್‌ಟಾಪ್‌ಗಳನ್ನು ಹಾಕಿಕೊಂಡಿದ್ದರೆ, ಯುಎಸ್‌ಆರ್‌ ಒಳಗಿನ ಶೇರ್‌ ಒಳಗಿನ ಡಿಬಸ್-1 ಫೋಲ್ಡರಿನ ಸರ್ವಿಸಸ್‌ ಎಂಬಲ್ಲಿ ಈ ಒಂದೇ ಹೆಸರನ್ನು ಕೋರುವ ಹಲವು ಫೈಲ್‌ಗಳು ಸೇರಿಕೊಂಡಿರುತ್ತವೆ. ಹೆಸರಿಗೆ ಒಡೆಯರಿಲ್ಲದಾಗ ಯಾರಾದರೂ ನೋಟಿಫಿಕೇಶನ್‌ ಕಳಿಸಿದರೆ, ಡಿ-ಬಸ್‌ ಅವುಗಳಲ್ಲೊಂದನ್ನು ತಾನಾಗಿ ಚಾಲೂ ಮಾಡುತ್ತದೆ. ನೀವು ಬಯಸಿದ ಸರ್ವರ್‌ ಒಮ್ಮೆ ಬಿದ್ದುಹೋದರೂ ಸಾಕು, ಮುಂದಿನ ಸಂದೇಶಕ್ಕೆ ಇನ್ನೊಂದು ಎದ್ದು ಕುಳಿತಿರುತ್ತದೆ. ಬೇಡವಾದ ಸರ್ವರ್‌ಗಳ ಪ್ಯಾಕೇಜ್‌ ತೆಗೆದುಹಾಕುವುದೇ ಇದಕ್ಕೆ ಒಳ್ಳೆಯ ಪರಿಹಾರ. ಅದು ಆಗದಿದ್ದರೆ ನಿಮ್ಮ ಹೋಮ್‌ ಫೋಲ್ಡರಿನ ಚುಕ್ಕೆ-ಲೋಕಲ್‌, ಶೇರ್‌, ಡಿಬಸ್-1, ಸರ್ವಿಸಸ್‌ ಎಂಬ ದಾರಿಯಲ್ಲಿ ನಿಮಗೆ ಬೇಕಾದ ಸರ್ವರ್‌ ಅನ್ನು ಸೂಚಿಸುವ ಸರ್ವಿಸ್‌ ಫೈಲ್‌ ಇಡಿ. ಬಳಕೆದಾರರ ಫೋಲ್ಡರಿನಲ್ಲಿರುವುದಕ್ಕೆ ಡಿ-ಬಸ್‌ ಮೊದಲ ಮಣೆ ಹಾಕುತ್ತದೆ.

ಎರಡನೆಯ ಹೆಜ್ಜೆ: ಸ್ಕ್ರಿಪ್ಟ್‌ ಬದಿಗಿಟ್ಟು ಕೈಯಿಂದಲೇ ಪರೀಕ್ಷೆ

ಟರ್ಮಿನಲ್‌ ತೆರೆದು, ನೋಟಿಫಿಕೇಶನ್‌ ಕಳಿಸುವ ಕಮಾಂಡನ್ನು 'ನೋಟಿಫೈ-ಸೆಂಡ್‌ --ಪ್ರಿಂಟ್-ಐಡಿ' ಎಂದು ಬರೆದು ಮುಂದೆ "ಮೊದಲನೆಯದು" ಎಂಬ ಪಠ್ಯ ಕೊಡಿ. ಒಂದು ಸಂಖ್ಯೆ ಅಚ್ಚಾಗುತ್ತದೆ. ಅದು 7 ಎಂದಿಟ್ಟುಕೊಳ್ಳೋಣ. ಆ ಪೆಟ್ಟಿಗೆ ಇನ್ನೂ ಕಾಣುತ್ತಿರುವಾಗಲೇ 'ನೋಟಿಫೈ-ಸೆಂಡ್‌ --ರಿಪ್ಲೇಸ್-ಐಡಿ=7' ಎಂದು ಬರೆದು "ಎರಡನೆಯದು" ಎಂಬ ಪಠ್ಯ ಕಳಿಸಿ. ಪೆಟ್ಟಿಗೆ ಒಂದೇ ಉಳಿದು ಪಠ್ಯ ಬದಲಾದರೆ ಸರ್ವರ್‌ ಸರಿಯಿದೆ, ದೋಷ ನಿಮ್ಮ ಸ್ಕ್ರಿಪ್ಟ್‌ನಲ್ಲಿದೆ ಎಂದು ತಿಳಿಯಬಹುದು.

ಇಂತಹ ಆಯ್ಕೆಯೇ ಇಲ್ಲ ಎಂದು ನೋಟಿಫೈ-ಸೆಂಡ್‌ ತಗಾದೆ ತೆಗೆದರೆ ನಿಮ್ಮಲ್ಲಿರುವ ಲಿಬ್‌ನೋಟಿಫೈ (ಆ ಕಮಾಂಡ್‌ ಸೇರಿರುವ ಲೈಬ್ರರಿ) ಹಳೆಯದು. 0.7.9 ಆವೃತ್ತಿಯಲ್ಲಿ ಈ ಎರಡು ಆಯ್ಕೆಗಳು ಇರಲಿಲ್ಲ, 0.8 ಸರಣಿಯಲ್ಲಿ ಇವೆ. ಉಬುಂಟು 22.04 ಬಳಸುವವರಲ್ಲಿ ಇರುವುದು 0.7.9, ಡೆಬಿಯನ್‌ 12 ಮತ್ತು ಉಬುಂಟು 24.04ರಲ್ಲಿ ಇರುವುದು 0.8 ಸರಣಿ. ಸ್ಕ್ರಿಪ್ಟ್‌ನಲ್ಲಿ ದೋಷಸಂದೇಶಗಳನ್ನೆಲ್ಲ ಡೆವ್‌ ನಲ್‌ಗೆ (ಬಂದದ್ದನ್ನೆಲ್ಲ ನುಂಗಿಬಿಡುವ ಫೈಲಿಗೆ) ಕಳಿಸುವ ಅಭ್ಯಾಸವಿದ್ದರೆ ಈ ತಗಾದೆ ಕಣ್ಣಿಗೇ ಬೀಳುವುದಿಲ್ಲ. ದೋಷ ಹುಡುಕುವಷ್ಟು ಹೊತ್ತಾದರೂ ಆ ಭಾಗವನ್ನು ಅಳಿಸಿಬಿಡಿ.

ಹಳೆಯ ಆವೃತ್ತಿಯಲ್ಲೇ ಇರಬೇಕಾದವರು ನೋಟಿಫೈ ಮೆಥಡ್‌ ಅನ್ನು ನೇರವಾಗಿ ಕರೆಯಬಹುದು. ಜಿಡಿಬಸ್‌ ಎಂಬ ಕಮಾಂಡಿನಿಂದ ಹೀಗೆ ಕರೆಯುವವರು ಬಹಳ ಮಂದಿ, ಮತ್ತು ಅಲ್ಲಿ ಎಡವುವ ಜಾಗವೊಂದಿದೆ. ಜಿಡಿಬಸ್‌ ಕೊಡುವ ಉತ್ತರ ಬರೀ 7 ಅಲ್ಲ. ಆವರಣದೊಳಗೆ 'ಯುಇಂಟ್‌32 7' ಎಂದು ಬರೆದು ಮುಂದೆ ಅಲ್ಪವಿರಾಮವನ್ನೂ ಹಾಕುತ್ತದೆ. ಉತ್ತರದಿಂದ ಅಂಕಿಗಳನ್ನು ಮಾತ್ರ ಆರಿಸು ಎಂದು ಸ್ಕ್ರಿಪ್ಟ್‌ಗೆ ಹೇಳಿದರೆ ಮೊದಲು ಸಿಗುವುದು 32, ಅದು ಮಾಹಿತಿಯ ಬಗೆಯ ಹೆಸರಿನ ಭಾಗ. ಅಂಕಿಗಳನ್ನೆಲ್ಲ ಒಟ್ಟುಗೂಡಿಸಿದರೆ 327 ಆಗುತ್ತದೆ. ಎರಡೂ ತಪ್ಪು ಸಂಖ್ಯೆಗಳೇ, ಆದರೂ ಸ್ಕ್ರಿಪ್ಟ್‌ ಯಾವ ದೂರನ್ನೂ ಹೇಳದೆ ಓಡುತ್ತಿರುತ್ತದೆ. ಖಾಲಿ ಜಾಗದ ನಂತರದ ಅಂಕಿಗಳನ್ನಷ್ಟೇ ತೆಗೆದುಕೊಳ್ಳಿ, ಇಲ್ಲವೇ 'ಬಸ್‌ಸಿಟಿಎಲ್‌ --ಯೂಸರ್‌ ಕಾಲ್‌' ಬಳಸಿ. ಅದು 'ಯು 7' ಎಂದು ಸರಳವಾಗಿ ಉತ್ತರಿಸುತ್ತದೆ.

ಮೂರನೆಯ ಹೆಜ್ಜೆ: ಮನಸ್ಸಿಗೆ ತೋಚಿದ ಸಂಖ್ಯೆ ಇದೆಯೇ ನೋಡಿ

ನನ್ನನ್ನು ಎರಡು ಸಂಜೆ ಕಾಡಿದ ದೋಷ ಇದು. ಡನ್ಸ್ಟ್‌ ಇದ್ದ ಯಂತ್ರದಲ್ಲಿ ವರ್ಷಗಟ್ಟಲೆ ಸರಿಯಾಗಿ ಓಡಿದ್ದ ಧ್ವನಿಯ ಸ್ಕ್ರಿಪ್ಟ್‌ ಅನ್ನು ಗ್ನೋಮ್‌ ಇದ್ದ ಯಂತ್ರಕ್ಕೆ ತಂದೆ; ಒಂದು ಅಕ್ಷರವೂ ಬದಲಾಗದ ಅದೇ ಸ್ಕ್ರಿಪ್ಟ್‌ ಅಲ್ಲಿ ಪೆಟ್ಟಿಗೆಗಳ ಸಾಲನ್ನೇ ಹುಟ್ಟಿಸತೊಡಗಿತು. ಅದರಲ್ಲಿ ರಿಪ್ಲೇಸ್-ಐಡಿಗೆ 9999 ಎಂದು ನಾನೇ ಒಂದು ಸಂಖ್ಯೆ ಬರೆದಿದ್ದೆ.

ಡನ್ಸ್ಟ್‌ ಈ ವಿಷಯದಲ್ಲಿ ಉದಾರಿ. ತಾನು ಎಂದೂ ಕೊಡದ ಸಂಖ್ಯೆಯನ್ನು ಹೇಳಿದರೂ ಅದು ಹೊಸ ಪೆಟ್ಟಿಗೆಗೆ ಅದೇ ಸಂಖ್ಯೆಯನ್ನು ಇಟ್ಟುಬಿಡುತ್ತದೆ, ಆದ್ದರಿಂದ ಮುಂದಿನ ಬಾರಿ 9999 ಎಂದಾಗ ಸರಿಯಾದ ಪೆಟ್ಟಿಗೆಯೇ ಸಿಗುತ್ತದೆ. ಗ್ನೋಮ್‌ ಶೆಲ್‌ ಹಾಗೆ ಮಾಡುವುದಿಲ್ಲ. ಹೇಳಿದ ಸಂಖ್ಯೆಯ ನೋಟಿಫಿಕೇಶನ್‌ ತನ್ನ ಬಳಿ ಜೀವಂತವಾಗಿ ಇದ್ದರೆ ಮಾತ್ರ ಅದನ್ನು ಬದಲಿಸುತ್ತದೆ. ಇಲ್ಲದಿದ್ದರೆ ಕೇಳಿದ್ದು ಸೊನ್ನೆ ಎಂದೇ ಭಾವಿಸಿ, ತನ್ನ ಎಣಿಕೆಯ ಮುಂದಿನ ಸಂಖ್ಯೆಯನ್ನು ಹೊಸ ಪೆಟ್ಟಿಗೆಗೆ ಕೊಡುತ್ತದೆ. ಹೀಗಾಗಿ 9999 ಎಂದು ನೂರು ಬಾರಿ ಕಳಿಸಿದರೆ ನೂರು ಹೊಸ ನೋಟಿಫಿಕೇಶನ್‌ಗಳು ಹುಟ್ಟುತ್ತವೆ. ತಪ್ಪು ಗ್ನೋಮ್‌ನದ್ದಲ್ಲ, ನಿಯಮ ಹೇಳಿದ್ದನ್ನು ಪಾಲಿಸದ ಸ್ಕ್ರಿಪ್ಟ್‌ನದ್ದು. ಬೇರೆಯವರಿಂದ ಪಡೆದ ಸ್ಕ್ರಿಪ್ಟ್‌ನಲ್ಲಿ 9999, 1234, 555 ಇಂತಹ ಸಂಖ್ಯೆಗಳು ಕಂಡರೆ ಅದು ಡನ್ಸ್ಟ್‌ ಬಳಸುವವರು ಬರೆದದ್ದು ಎಂದು ಬಹುಮಟ್ಟಿಗೆ ಊಹಿಸಬಹುದು.

ಸರಿಯಾದ ದಾರಿ ಎಂದರೆ ಪ್ರತಿ ಬಾರಿಯೂ --ರಿಪ್ಲೇಸ್-ಐಡಿ ಮತ್ತು --ಪ್ರಿಂಟ್-ಐಡಿ ಎರಡನ್ನೂ ಒಟ್ಟಿಗೆ ಕೊಡುವುದು. ಮೊದಲ ಬಾರಿ ಸೊನ್ನೆ ಕಳಿಸಿ, ಹಿಂದಿರುಗಿದ ಸಂಖ್ಯೆಯನ್ನು ಒಂದು ಫೈಲಿನಲ್ಲಿಡಿ. ಮುಂದಿನ ಬಾರಿ ಅದನ್ನು ಓದಿ ಕಳಿಸಿ, ಮತ್ತೆ ಹಿಂದಿರುಗಿದ ಸಂಖ್ಯೆಯನ್ನು ಅದೇ ಫೈಲಿನಲ್ಲಿ ಮತ್ತೊಮ್ಮೆ ಬರೆಯಿರಿ. ಮತ್ತೊಮ್ಮೆ ಬರೆಯುವುದು ಏಕೆಂದರೆ, ನಡುವೆ ಹಳೆಯ ಪೆಟ್ಟಿಗೆಯನ್ನು ಬಳಕೆದಾರರು ಮುಚ್ಚಿರಬಹುದು, ಆಗ ಗ್ನೋಮ್‌ ಬೇರೆ ಸಂಖ್ಯೆಯನ್ನು ಕೊಟ್ಟಿರುತ್ತದೆ. --ಟ್ರಾನ್ಸಿಯೆಂಟ್‌ ಎಂಬ ಆಯ್ಕೆ ಬಳಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಆ ಬಗೆಯ ನೋಟಿಫಿಕೇಶನ್‌ ಗ್ನೋಮ್‌ನ ಪಟ್ಟಿಯಲ್ಲಿ ಉಳಿಯದೆ, ಪರದೆಯಿಂದ ಮರೆಯಾದ ಕೂಡಲೇ ಅಳಿದುಹೋಗುವುದರಿಂದ ಅದರ ಸಂಖ್ಯೆಯ ಆಯಸ್ಸು ಕೆಲವೇ ಸೆಕೆಂಡು.

ನಾಲ್ಕನೆಯ ಹೆಜ್ಜೆ: ಸಂಖ್ಯೆಯನ್ನು ಎಲ್ಲಿಟ್ಟಿದ್ದೀರಿ, ಹೇಗೆ ಇಟ್ಟಿದ್ದೀರಿ

ಸರ್ವರ್‌ ಮತ್ತೆ ಶುರುವಾದಾಗ ಎಣಿಕೆ ಮೊದಲಿಂದ ಆರಂಭವಾಗುತ್ತದೆ. ನಿನ್ನೆ ಧ್ವನಿಯ ಪೆಟ್ಟಿಗೆಗೆ ಸಿಕ್ಕ 7 ಎಂಬ ಸಂಖ್ಯೆ ಹೋಮ್‌ ಫೋಲ್ಡರಿನ ಯಾವುದೋ ಫೈಲಿನಲ್ಲಿ ಉಳಿದಿದ್ದು, ಇಂದು ಅದೇ 7 ಮೇಲ್‌ ಪ್ರೋಗ್ರಾಂನ ನೋಟಿಫಿಕೇಶನ್‌ಗೆ ಸಿಕ್ಕಿದ್ದರೆ, ನೀವು ಧ್ವನಿಯ ಕೀ ಒತ್ತಿದ ಕ್ಷಣ ಮೇಲ್‌ ಬಂದ ಸುದ್ದಿ ಅಳಿಸಿಹೋಗಿ ಅಲ್ಲಿ "ಧ್ವನಿ 45%" ಎಂದು ಕಾಣಬಹುದು. ನಮ್ಮ ಪೆಟ್ಟಿಗೆ ಎರಡಾಗಿ ಕಂಡರೆ ಕಿರಿಕಿರಿ ಮಾತ್ರ. ಇನ್ನೊಬ್ಬರ ಸಂದೇಶವನ್ನು ಓದುವ ಮೊದಲೇ ಅಳಿಸುವುದು ನಿಜವಾದ ನಷ್ಟ. ಆದ್ದರಿಂದ ಸಂಖ್ಯೆಯ ಫೈಲನ್ನು ಎಕ್ಸ್‌ಡಿಜಿ ರನ್‌ಟೈಮ್‌ ಡಿರ್‌ (ಪೂರ್ತಿ ದೊಡ್ಡ ಅಕ್ಷರಗಳಲ್ಲಿ, ಪದಗಳ ನಡುವೆ ಅಡಿಗೆರೆ ಇಟ್ಟು) ಎಂಬ ಪರಿಸರ ವೇರಿಯಬಲ್‌ ತೋರಿಸುವ ಫೋಲ್ಡರಿನಲ್ಲಿ ಇಡಿ. ಬಳಕೆದಾರ ಸಂಖ್ಯೆ 1000 ಆಗಿರುವವರಿಗೆ ಅದು ಸಾಮಾನ್ಯವಾಗಿ ರನ್‌, ಯೂಸರ್‌, 1000 ಎಂಬ ದಾರಿ. ನೀವು ಪೂರ್ತಿಯಾಗಿ ಲಾಗ್‌ಔಟ್‌ ಆದಾಗ ಅದು ತಾನೇ ಖಾಲಿಯಾಗುತ್ತದೆ. ಲಾಗ್‌ಔಟ್‌ ಆಗದೆಯೇ ಡನ್ಸ್ಟ್‌ ಅಥವಾ ಮಾಕೋವನ್ನು ಮರುಚಾಲೂ ಮಾಡುವವರು ಅದೇ ಕಮಾಂಡಿನೊಂದಿಗೆ ಈ ಫೈಲನ್ನೂ ಅಳಿಸುವ ಸಾಲು ಸೇರಿಸಿಕೊಳ್ಳಬೇಕು.

ಇನ್ನೊಂದು ದೋಷ ವೇಗದ್ದು. ಕೀಯನ್ನು ಒತ್ತಿಹಿಡಿದಾಗ ಸ್ಕ್ರಿಪ್ಟ್‌ ಸೆಕೆಂಡಿಗೆ ಹಲವು ಬಾರಿ ಶುರುವಾಗುತ್ತದೆ. ಫೈಲಿನಲ್ಲಿ ಇನ್ನೂ ಸಂಖ್ಯೆಯೇ ಇಲ್ಲದ ಹೊತ್ತಿನಲ್ಲಿ ಎರಡು ಸ್ಕ್ರಿಪ್ಟ್‌ಗಳು ಒಟ್ಟಿಗೆ ಅದನ್ನು ಓದಿದರೆ ಎರಡೂ ಸೊನ್ನೆ ಕಳಿಸಿ ಎರಡು ಪೆಟ್ಟಿಗೆ ತೆರೆಯುತ್ತವೆ; ಕೊನೆಗೆ ಬರೆದವರ ಸಂಖ್ಯೆ ಫೈಲಿನಲ್ಲಿ ಉಳಿಯುತ್ತದೆ, ಇನ್ನೊಂದು ಪೆಟ್ಟಿಗೆ ಅನಾಥವಾಗಿ ನಿಲ್ಲುತ್ತದೆ. ಮೊದಲ ಒತ್ತುವಿಕೆಯಲ್ಲಿ ಮಾತ್ರ ಎರಡು ಪೆಟ್ಟಿಗೆ ಬಂದು ಆಮೇಲೆ ಎಲ್ಲ ಸರಿಹೋಗುತ್ತಿದ್ದರೆ ಇದೇ ಕಾರಣ ಎಂದು ಗುರುತಿಸಬಹುದು. ಎಫ್‌ಲಾಕ್‌ ಕಮಾಂಡಿನಿಂದ ಓದುವ, ಕಳಿಸುವ, ಬರೆಯುವ ಮೂರೂ ಕೆಲಸಗಳನ್ನು ಒಂದೇ ಬೀಗದೊಳಗೆ ತಂದರೆ ಇದು ನಿಲ್ಲುತ್ತದೆ. ಬರೆಯುವುದನ್ನು ಮಾತ್ರ ಬೀಗದೊಳಗಿಟ್ಟರೆ ಪ್ರಯೋಜನವಿಲ್ಲ, ಏಕೆಂದರೆ ತಪ್ಪು ಆಗುವುದು ಓದುವ ಮತ್ತು ಬರೆಯುವ ನಡುವಿನ ಅಂತರದಲ್ಲಿ.

ಕನ್ನಡ ಪಠ್ಯ ಕತ್ತರಿಸುವಾಗ ಆಗುವ ತೊಂದರೆ

ಹಾಡಿನ ಹೆಸರು ತೋರಿಸುವ ಸ್ಕ್ರಿಪ್ಟ್‌ ಇಂಗ್ಲಿಷ್‌ ಹೆಸರುಗಳಿಗೆ ಸರಿಯಾಗಿ ನಡೆದು, ಕನ್ನಡ ಹಾಡು ಬಂದಾಗ ಮಾತ್ರ ಕೈಕೊಡುವುದನ್ನು ನಮ್ಮಲ್ಲಿ ಹಲವರು ನೋಡಿರಬಹುದು. ಡಿ-ಬಸ್‌ ಒಯ್ಯುವುದು ಕ್ರಮಬದ್ಧವಾದ ಯುಟಿಎಫ್-8 ಪಠ್ಯವನ್ನು ಮಾತ್ರ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್‌ ಬೇಕು. 'ಕ್ಷ' ಎಂಬುದು ಕ, ಅರ್ಧಾಕ್ಷರದ ಗುರುತಾದ ವಿರಾಮ, ಷ ಎಂಬ ಮೂರು ಸಂಕೇತಗಳಾದ್ದರಿಂದ ಅದೊಂದಕ್ಕೇ 9 ಬೈಟ್‌. ಉದ್ದದ ಹೆಸರನ್ನು ಮೊಟಕುಗೊಳಿಸಲು 'ಕಟ್‌' ಕಮಾಂಡಿಗೆ 40 ಅಕ್ಷರ ಕೊಡು ಎಂದರೆ, ಹಲವು ವಿತರಣೆಗಳಲ್ಲಿ ಅದು ಕೊಡುವುದು 40 ಬೈಟ್‌. ನಲವತ್ತನ್ನು ಮೂರರಿಂದ ಭಾಗಿಸಿದರೆ ಒಂದು ಉಳಿಯುತ್ತದೆ, ಅಂದರೆ ನಡುವೆ ಖಾಲಿ ಜಾಗವಿಲ್ಲದೆ ಪೂರ್ತಿ ಕನ್ನಡದಲ್ಲಿರುವ ಹೆಸರು ಒಂದು ಸಂಕೇತದ ನಡುವಿನಲ್ಲೇ ತುಂಡಾಗುತ್ತದೆ. ಆ ತುಂಡು ಪಠ್ಯದ ಸಂದೇಶ ಸರ್ವರ್‌ಗೆ ಸರಿಯಾಗಿ ತಲುಪುವುದಿಲ್ಲ, ಸಂಖ್ಯೆ ಹಿಂದಿರುಗುವ ಭರವಸೆಯೂ ಇಲ್ಲ. ಸ್ಕ್ರಿಪ್ಟ್‌ ಆಗ ಖಾಲಿ ಉತ್ತರವನ್ನೇ ಫೈಲಿಗೆ ಬರೆದರೆ ಮುಂದಿನ ಇಂಗ್ಲಿಷ್‌ ಹಾಡಿನ ನೋಟಿಫಿಕೇಶನ್‌ ಕೂಡ ಹಳೆಯದರ ಜಾಗಕ್ಕೆ ಹೋಗುವುದಿಲ್ಲ. ದೋಷ ಕಾಣುವುದು ಒಂದು ಹಾಡಿನಲ್ಲಿ, ಅದರ ಮೂಲ ಇರುವುದು ಹಿಂದಿನ ಹಾಡಿನಲ್ಲಿ.

ಇದಕ್ಕೆ ಎರಡು ಕೆಲಸ ಮಾಡಬೇಕು. ಕಟ್‌ ಬಿಟ್ಟು ಬ್ಯಾಷ್‌ನದೇ ಪಠ್ಯ ಕತ್ತರಿಸುವ ಸೌಲಭ್ಯ ಬಳಸಿ. ಭಾಷೆಯ ಸೆಟ್ಟಿಂಗ್‌ ಯುಟಿಎಫ್-8 ಆಗಿರುವಾಗ ಅದು ಸಂಕೇತಗಳನ್ನು ಎಣಿಸುತ್ತದೆಯೇ ಹೊರತು ಬೈಟ್‌ಗಳನ್ನಲ್ಲ. ಒತ್ತಕ್ಷರದ ಮಧ್ಯೆ ಕತ್ತರಿ ಬಿದ್ದು ಕೊನೆಯಲ್ಲಿ ಅರ್ಧಾಕ್ಷರ ಕಾಣಬಹುದು, ಆದರೆ ಪಠ್ಯ ಕ್ರಮಬದ್ಧವಾಗಿಯೇ ಇರುತ್ತದೆ. ನಿಗದಿತ ಸಮಯಕ್ಕೆ ಕೆಲಸ ಓಡಿಸುವ ಕ್ರಾನ್‌ನಿಂದ ಓಡುವ ಸ್ಕ್ರಿಪ್ಟ್‌ನಲ್ಲಿ ಭಾಷೆಯ ಸೆಟ್ಟಿಂಗ್‌ ಇಲ್ಲದಿರುವ ಸಂಭವ ಹೆಚ್ಚು, ಆದ್ದರಿಂದ ಅದನ್ನು ಸ್ಕ್ರಿಪ್ಟ್‌ನ ಮೇಲ್ಭಾಗದಲ್ಲೇ ಬರೆದುಬಿಡಿ. ಎರಡನೆಯದಾಗಿ, ಹಿಂದಿರುಗಿದ ಉತ್ತರ ಬರೀ ಅಂಕಿಗಳಿಂದ ಕೂಡಿದ್ದರೆ ಮಾತ್ರ ಫೈಲಿಗೆ ಬರೆಯಿರಿ. ಫೈಲಿನಿಂದ ಓದಿದ್ದು ಖಾಲಿಯಾಗಿದ್ದರೆ ಸೊನ್ನೆ ಎಂದು ಹಿಡಿಯಿರಿ.

ಐದನೆಯ ಹೆಜ್ಜೆ: ಎರಡು ಬಸ್ಸುಗಳಿವೆಯೇ

ಕೈಯಿಂದ ಕಳಿಸಿದಾಗ ಎಲ್ಲ ಸರಿ, ಸಿಸ್ಟಂಡಿ ಟೈಮರ್‌ ಅಥವಾ ಕ್ರಾನ್‌ನಿಂದ ಕಳಿಸಿದಾಗ ಮಾತ್ರ ಬೇರೆ ಪೆಟ್ಟಿಗೆ ಎಂಬ ಸ್ಥಿತಿ ಇದ್ದರೆ ಬಸ್ಸಿನ ವಿಳಾಸವನ್ನು ಅನುಮಾನಿಸಿ. ಸಿಸ್ಟಂಡಿ ಇರುವ ವಿತರಣೆಗಳಲ್ಲಿ ಪ್ರತಿ ಬಳಕೆದಾರರಿಗೂ ಒಂದು ಬಸ್‌ ತಾನಾಗಿ ಸಿದ್ಧವಿರುತ್ತದೆ; ಅದರ ಸಾಕೆಟ್‌ ಮೇಲೆ ಹೇಳಿದ ರನ್‌ಟೈಮ್‌ ಫೋಲ್ಡರಿನಲ್ಲಿ 'ಬಸ್‌' ಎಂಬ ಹೆಸರಿನಲ್ಲಿರುತ್ತದೆ. ಹಳೆಯ ಸಲಹೆಯಂತೆ ವಿಂಡೋ ಮ್ಯಾನೇಜರನ್ನು ಡಿಬಸ್-ಲಾಂಚ್‌ ಅಥವಾ ಡಿಬಸ್-ರನ್-ಸೆಶನ್‌ ಮೂಲಕ ಶುರು ಮಾಡಿದ್ದರೆ ಎರಡನೆಯ ಬಸ್ಸೊಂದು ಹುಟ್ಟುತ್ತದೆ. ಆಗ ಕೀಗಳಿಂದ ಓಡುವ ಸ್ಕ್ರಿಪ್ಟ್‌ ಒಂದು ಬಸ್ಸಿನಲ್ಲಿ, ಟೈಮರ್‌ನಿಂದ ಓಡುವ ಸ್ಕ್ರಿಪ್ಟ್‌ ಇನ್ನೊಂದರಲ್ಲಿ ಮಾತನಾಡುತ್ತವೆ. ಎರಡರಲ್ಲೂ ಒಂದೊಂದು ಸರ್ವರ್‌ ಎದ್ದು, ತಮ್ಮ ತಮ್ಮ ಎಣಿಕೆ ನಡೆಸುತ್ತಿರುತ್ತವೆ. ಎರಡೂ ಕಡೆಯಿಂದ ಡಿಬಸ್‌ ಸೆಶನ್‌ ಬಸ್‌ ಅಡ್ರೆಸ್‌ ಎಂಬ ವೇರಿಯಬಲ್‌ ಅನ್ನು ಅಚ್ಚು ಹಾಕಿ ಹೋಲಿಸಿ; ಇದು ಪೂರ್ತಿ ದೊಡ್ಡ ಅಕ್ಷರಗಳಲ್ಲಿ, ಪದಗಳ ನಡುವೆ ಅಡಿಗೆರೆ ಇಟ್ಟು ಬರೆಯುವ ಹೆಸರು. ವ್ಯತ್ಯಾಸವಿದ್ದರೆ ಆ ಹೆಚ್ಚುವರಿ ಕಮಾಂಡನ್ನು ತೆಗೆದುಹಾಕಿದರೆ ಸಾಕು.

ಸುಡೊ ಹಾಕಿ ನೋಟಿಫೈ-ಸೆಂಡ್‌ ಓಡಿಸುವುದನ್ನು ಬಿಟ್ಟುಬಿಡಿ. ಆಡಳಿತಗಾರರ ಅಧಿಕಾರದಲ್ಲಿ ಓಡುವ ಸ್ಕ್ರಿಪ್ಟ್‌ನಿಂದಲೇ ಸಂದೇಶ ಹೋಗಬೇಕಿದ್ದರೆ, ಪರದೆಯ ಮುಂದಿರುವ ಬಳಕೆದಾರರ ಹೆಸರಿನಲ್ಲೇ, ಅವರ ಬಸ್‌ ವಿಳಾಸ ಕೊಟ್ಟು ಆ ಒಂದು ಕಮಾಂಡನ್ನು ಓಡಿಸಿ.

ಸಂಖ್ಯೆಯ ಗೊಡವೆಯೇ ಬೇಡ ಎನ್ನುವವರಿಗೆ

ಡನ್ಸ್ಟ್‌ ಬಳಸುವವರಿಗೆ ಇದಕ್ಕಿಂತ ಸುಲಭದ ದಾರಿಯೊಂದಿದೆ. ಎಕ್ಸ್-ಡನ್ಸ್ಟ್-ಸ್ಟ್ಯಾಕ್-ಟ್ಯಾಗ್‌ ಎಂಬ ಸುಳಿವಿನೊಂದಿಗೆ 'ಧ್ವನಿ' ಎಂದೋ 'ಬೆಳಕು' ಎಂದೋ ಹೆಸರು ಕೊಟ್ಟರೆ, ಒಂದೇ ಹೆಸರಿನ ಹೊಸ ನೋಟಿಫಿಕೇಶನ್‌ ಹಳೆಯದರ ಜಾಗಕ್ಕೆ ಬರುತ್ತದೆ. ಫೈಲ್‌ ಬೇಡ, ಬೀಗ ಬೇಡ. ಕೆನಾನಿಕಲ್‌ ತನ್ನ ನೋಟಿಫೈ-ಓಎಸ್‌ಡಿಗಾಗಿ ತಂದ ಎಕ್ಸ್-ಕೆನಾನಿಕಲ್-ಪ್ರೈವೇಟ್-ಸಿಂಕ್ರೊನಸ್‌ ಎಂಬ ಸುಳಿವನ್ನೂ ಡನ್ಸ್ಟ್‌ ಇದೇ ಅರ್ಥದಲ್ಲಿ ತೆಗೆದುಕೊಳ್ಳುತ್ತದೆ. ನಿಮ್ಮ ಯಂತ್ರಕ್ಕಷ್ಟೇ ಬರೆಯುವ ಸ್ಕ್ರಿಪ್ಟ್‌ಗೆ ನಾನು ಇದನ್ನೇ ಶಿಫಾರಸು ಮಾಡುತ್ತೇನೆ. ಆದರೆ ಇವು ಆಯಾ ಸರ್ವರ್‌ಗಳ ಸ್ವಂತ ಸೇರ್ಪಡೆಗಳು, ಮೂಲ ನಿಯಮಾವಳಿಯ ಭಾಗವಲ್ಲ. ಗ್ನೋಮ್‌ನಲ್ಲಿ ಇವನ್ನು ನಂಬಿಕೊಳ್ಳಬಾರದು. ಇತರರಿಗೂ ಹಂಚುವ ಸ್ಕ್ರಿಪ್ಟ್‌ನಲ್ಲಿ ಸರ್ವರ್‌ ಹಿಂದಿರುಗಿಸಿದ ಸಂಖ್ಯೆಯ ದಾರಿಯೇ ಸರಿ.

ಪೈಥಾನ್‌ನಲ್ಲಿ ಲಿಬ್‌ನೋಟಿಫೈ ಬಳಸುವವರು ಲೂಪಿನ ಒಳಗೆ ಪ್ರತಿ ಬಾರಿಯೂ ಹೊಸ ನೋಟಿಫಿಕೇಶನ್‌ ಆಬ್ಜೆಕ್ಟ್‌ ಸೃಷ್ಟಿಸುವುದು ಸಾಮಾನ್ಯ ತಪ್ಪು. ಆಬ್ಜೆಕ್ಟ್‌ ತನ್ನ ಸಂಖ್ಯೆಯನ್ನು ತಾನೇ ನೆನಪಿಟ್ಟುಕೊಳ್ಳುತ್ತದೆ. ಅದನ್ನು ಲೂಪಿನ ಹೊರಗೆ ಒಮ್ಮೆ ಸೃಷ್ಟಿಸಿ, ಒಳಗೆ ಅಪ್‌ಡೇಟ್‌ ಮತ್ತು ಶೋ ಎಂಬ ಮೆಥಡ್‌ಗಳನ್ನು ಮಾತ್ರ ಕರೆಯಿರಿ. ಫ್ಲಾಟ್‌ಪ್ಯಾಕ್‌ ಪ್ರೋಗ್ರಾಂಗಳು ಬಳಸುವ ಪೋರ್ಟಲ್‌ನಲ್ಲಿ ಮತ್ತು ಜಿಟಿಕೆ ಪ್ರೋಗ್ರಾಂಗಳ ಜಿನೋಟಿಫಿಕೇಶನ್‌ನಲ್ಲಿ ವ್ಯವಸ್ಥೆ ತಿರುಗುಮುರುಗು: ಅಲ್ಲಿ ಗುರುತನ್ನು ಕೊಡುವುದು ಪ್ರೋಗ್ರಾಂ, ಅದೂ ಸಂಖ್ಯೆಯಾಗಿ ಅಲ್ಲ, ಪದವಾಗಿ. ಅಲ್ಲಿ ಪೆಟ್ಟಿಗೆಗಳು ಸಾಲುಗಟ್ಟಿದರೆ ಪ್ರತಿ ಸಂದೇಶಕ್ಕೂ ಬೇರೆ ಬೇರೆ ಗುರುತು ಹೋಗುತ್ತಿದೆ ಎಂದೇ ಅರ್ಥ.

ಕೊನೆಯ ಹೆಜ್ಜೆ: ಬಸ್ಸಿನ ಮೇಲೆ ಹೋಗುವ ಮಾತನ್ನೇ ಕೇಳುವುದು

ಇಷ್ಟಾದರೂ ಬಗೆಹರಿಯದಿದ್ದರೆ ಊಹೆ ಬಿಟ್ಟು ನೋಡುವುದೇ ಒಳ್ಳೆಯದು. ಒಂದು ಟರ್ಮಿನಲ್‌ನಲ್ಲಿ 'ಡಿಬಸ್-ಮಾನಿಟರ್‌' ಕಮಾಂಡನ್ನು ನೋಟಿಫಿಕೇಶನ್ಸ್‌ ಇಂಟರ್‌ಫೇಸ್‌ನ ಹೆಸರು ಕೊಟ್ಟು ಓಡಿಸಿ, ನಿಮ್ಮ ಕೀಯನ್ನು ಎರಡು ಬಾರಿ ಒತ್ತಿ. ಪ್ರತಿ ಒತ್ತಿಗೂ ಕನಿಷ್ಠ ಒಂದು ನೋಟಿಫೈ ಕರೆ ಕಾಣಬೇಕು. ಕರೆಯ ತಲೆಸಾಲಿನ ಕೆಳಗೆ ಮೊದಲ ಸಾಲಿನಲ್ಲಿ ಪ್ರೋಗ್ರಾಂನ ಹೆಸರು, ಎರಡನೆಯದರಲ್ಲಿ ಸಂಖ್ಯೆ ಇರುತ್ತದೆ. ಎರಡನೆಯ ಒತ್ತಿನ ಕರೆಯಲ್ಲೂ ಅಲ್ಲಿ ಸೊನ್ನೆಯೇ ಇದ್ದರೆ ಸ್ಕ್ರಿಪ್ಟ್‌ ಸಂಖ್ಯೆಯನ್ನು ಉಳಿಸುತ್ತಿಲ್ಲ ಅಥವಾ ಓದುತ್ತಿಲ್ಲ. ಸೊನ್ನೆಯಲ್ಲದ ಸಂಖ್ಯೆ ಹೋಗಿಯೂ ಹೊಸ ಪೆಟ್ಟಿಗೆ ಬಂದರೆ, ಆ ಸಂಖ್ಯೆ ಸರ್ವರ್‌ ಬಳಿ ಈಗ ಜೀವಂತವಾಗಿಲ್ಲ. ನಡುವೆ ನೋಟಿಫಿಕೇಶನ್‌ ಕ್ಲೋಸ್ಡ್‌ ಎಂಬ ಸಿಗ್ನಲ್‌ ಬಂದಿದೆಯೇ ನೋಡಿ. ಅದರೊಂದಿಗೆ ಬರುವ ಕಾರಣದ ಅಂಕಿ 1 ಆಗಿದ್ದರೆ ಅವಧಿ ಮುಗಿದು ಮುಚ್ಚಿದೆ, 2 ಆಗಿದ್ದರೆ ಬಳಕೆದಾರರು ಮುಚ್ಚಿದ್ದಾರೆ, 3 ಆಗಿದ್ದರೆ ಯಾವುದೋ ಪ್ರೋಗ್ರಾಂ ಮುಚ್ಚಲು ಹೇಳಿದೆ. ಕೀ ಒತ್ತಿದರೂ ಮಾನಿಟರ್‌ನಲ್ಲಿ ಏನೂ ಕಾಣದೆ ಪರದೆಯ ಮೇಲೆ ಮಾತ್ರ ಪೆಟ್ಟಿಗೆ ಬರುತ್ತಿದ್ದರೆ ನೀವು ಕೇಳುತ್ತಿರುವುದು ಬೇರೆ ಬಸ್ಸನ್ನು. ಐದನೆಯ ಹೆಜ್ಜೆಗೆ ಹಿಂದಿರುಗಿ.

ಸ್ಕ್ರಿಪ್ಟ್‌ ತಿದ್ದಿದ ನಂತರ ಇದೇ ಮಾನಿಟರ್‌ ಓಡುತ್ತಿರುವಾಗಲೇ ಮೂರು ಪರೀಕ್ಷೆ ಮಾಡಿ: ಕೀಯನ್ನು ಒತ್ತಿಹಿಡಿಯುವುದು, ಪೆಟ್ಟಿಗೆಯನ್ನು ಕೈಯಿಂದ ಮುಚ್ಚಿ ಮತ್ತೆ ಕೀ ಒತ್ತುವುದು, ಮತ್ತು ಡನ್ಸ್ಟ್‌ ಅಥವಾ ಮಾಕೋ ಇದ್ದರೆ ಅದನ್ನು ಮರುಚಾಲೂ ಮಾಡಿ, ಬೇರೆ ಪ್ರೋಗ್ರಾಂನಿಂದ ಒಂದು ನೋಟಿಫಿಕೇಶನ್‌ ಬರಿಸಿ, ಆಮೇಲೆ ಕೀ ಒತ್ತುವುದು. ಮೂರನೆಯ ಪರೀಕ್ಷೆಯಲ್ಲಿ ಆ ಬೇರೆ ಪ್ರೋಗ್ರಾಂನ ಪೆಟ್ಟಿಗೆ ಇದ್ದಲ್ಲಿಯೇ ಇರಬೇಕು.